ಸುದ್ದಿ ಬರದ ಜಾಗ

ಒತ್ತಬೇಕೋ ಬೇಡವೋ ಎಂದು ಪಂಪಾಪತಿಗೆ ತಿಳಿಯಲಿಲ್ಲ. ಕಿವಿ ಪರೀಕ್ಷೆಯವರು ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದಿದ್ದರು. ಸದ್ದೇನೋ ಕೇಳುತ್ತಲೇ ಇತ್ತು. ಅದು ಹೆಡ್‌ಫೋನಿನದೋ ತನ್ನ ತಲೆಯದೋ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಕೊಪ್ಪಳದ ಆ ಆಸ್ಪತ್ರೆಯ ಇಕ್ಕಟ್ಟಾದ ಕೋಣೆಯಲ್ಲಿ, ರಾಜ್ಯಶಾಸ್ತ್ರದ ಪ್ರಾಧ್ಯಾಪಕನಾದ ತಾನು ಏನೂ ಓದದೆ ಪರೀಕ್ಷೆಗೆ ಬಂದ ಹುಡುಗನಂತೆ ಅಂದಾಜಿನ ಮೇಲೆ ಒತ್ತುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಒಂದು ವರ್ಷದಿಂದ ಕಿವಿಯಲ್ಲಿ ಕುಂಯ್ ಎನ್ನುವ ಸದ್ದು. ಕಾಲೇಜಿನ ಗದ್ದಲದಲ್ಲಿ ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಗಂಗಾವತಿಯ ಮನೆಯಲ್ಲಿ ಕೂತರೆ ಅದು ಜೋರಾಗುತ್ತಿತ್ತು. ಹೆಂಡತಿ ಶಿವಲೀಲಾಳ ಮಾತು ಕೇಳಿಸದಂತಾದದ್ದೂ ಆಗಿನಿಂದಲೇ. ಇದನ್ನು ಅವನು ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳಿಕೊಂಡಿದ್ದ. ನೀವು ಪುಣ್ಯವಂತರು ಎಂದು ಎಲ್ಲರೂ ನಕ್ಕಿದ್ದರು.

ಡಾಕ್ಟರ್ ನಿಶಾತ ವಯಸ್ಸಿನಲ್ಲಿ ಅವನ ವಿದ್ಯಾರ್ಥಿನಿಯಂತಿದ್ದಳು.

“ಸಪ್ಪಳ ಕಿವ್ಯಾಗ ಇಲ್ರಿ ಸರ್. ಮಿದುಳಿನಾಗ ಐತಿ.”

ಮಾತಿಗಿಂತ ಬಹಳ ಕೀರಲಾದ ಸದ್ದುಗಳನ್ನು ಹಿಡಿಯುವ ಕೆಲವು ಜೀವಕೋಶಗಳು ಕಿವಿಯೊಳಗೆ ಸತ್ತಿವೆ, ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುವುದು ನಿಂತಿದೆ ಎಂದಳು. ಮಿದುಳಿಗೆ ತನ್ನದೇ ಲಯಗಳಿವೆ. ಸುದ್ದಿ ಬರದ ಜಾಗದಲ್ಲಿ ಆ ಲಯ ನಿದ್ದೆಯಲ್ಲಿದ್ದ ಹಾಗೆ ನಿಧಾನವಾಗುತ್ತದೆ. ಅದರ ಅಂಚಿನ ನರಗಳು ತಡೆಯುವವರಿಲ್ಲದೆ ತಾವೇ ವೇಗವಾಗಿ ಮಿಡಿಯತೊಡಗುತ್ತವೆ. ಆ ಮಿಡಿತವೇ ಸದ್ದಾಗಿ ಕೇಳುತ್ತದೆ. ಇದು ಒಂದು ವಿಚಾರ ಅಷ್ಟೇ, ಪೂರ್ತಿ ಯಾರಿಗೂ ಗೊತ್ತಿಲ್ಲ. ಇದನ್ನು ನಿಲ್ಲಿಸುವ ಗುಳಿಗೆಯೂ ಇಲ್ಲ. ಸುಮ್ಮನೆ ಮೌನದಲ್ಲಿ ಮಾತ್ರ ಕೂರಬೇಡಿ, ಮನೆಯಲ್ಲಿ ಮಾತುಕತೆ ಇರಲಿ ಎಂದಳು.

“ನನ್ನ ಹೆಂಡತಿ ಮಾತು ಒಂದೂ ಕೇಳಂಗಿಲ್ಲ,” ಎಂದ ಪಂಪಾಪತಿ.

ಅವಳು ಪರೀಕ್ಷೆಯ ಕಾಗದದ ಮೇಲಿನ ಗೆರೆಗಳನ್ನು ಮತ್ತೊಮ್ಮೆ ನೋಡಿದಳು.

“ಮಾತು ಕೇಳೋದಕ್ಕ ನಿಮ್ಮ ಕಿವಿ ಭಾಳ ಛಲೋ ಅದಾವ್ರಿ. ಮೆಲ್ಲಕ ಅಂದ್ರೂ ಕೇಳಬೇಕು. ಅವರು ಮಾತಾಡ್ತಾರೇನ್ರಿ?”

ಬಸ್ಸಿಗೆ ಹೊತ್ತಾಯಿತು ಎಂದು ಅವನು ಎದ್ದ.

ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸು ಫೋನಿನಲ್ಲಿ ಯಾರಿಗೋ ತನ್ನ ಸೊಸೆಯ ಗುಣಗಾನ ಮಾಡುತ್ತಿದ್ದಳು. ಅಷ್ಟು ಗದ್ದಲದಲ್ಲೂ ಒಂದು ಅಕ್ಷರ ತಪ್ಪದೆ ಕೇಳುತ್ತಿತ್ತು. ಪಂಪಾಪತಿಗೆ ಅಳು ಬಂದಂತಾಯಿತು.

ಶಿವಲೀಲಾ ಮೊದಲು ಬಾಯಿ ತುಂಬ ಮಾತಾಡುವವಳು. ಅವಳ ಮಾತಿನಲ್ಲಿ ಹುರುಳಿಲ್ಲ ಎಂದು ಅವನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಕಿವಿಯ ಸದ್ದು ಶುರುವಾದ ದಿನಗಳಲ್ಲಿ ಒಂದು ಸಂಜೆ, ನಿನ್ನ ವಟವಟ ಕೇಳಿಯೇ ಹೀಗಾಗಿದೆ, ಬಾಯಿ ಮುಚ್ಚಿಕೊಂಡಿರು ಎಂದಿದ್ದ. ಅವಳು ಸಿಟ್ಟು ಮಾಡಲಿಲ್ಲ. ಅವಳ ಅಪ್ಪ ತವರೂರು ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿದ್ದವನು. ಯಂತ್ರದ ಸಪ್ಪಳದಲ್ಲಿ ಕೈಯಿಂದಲೇ ಮಾತಾಡುವ ಜನರ ನಡುವೆ ಬೆಳೆದವಳು. ಮಾರನೆಯ ದಿನದಿಂದ ಊಟಕ್ಕೆ ಬನ್ನಿ ಎನ್ನಲು ಬೆರಳು ಕೂಡಿಸಿ ಬಾಯಿಗೆ ತೋರಿಸಿದಳು. ಅವನು ತನ್ನ ಕಿವುಡಿಗೆ ಮರುಗಿ ಹಾಗೆ ಮಾಡುತ್ತಾಳೆ ಎಂದುಕೊಂಡ. ಅವಳ ದನಿ ಪೂರ್ತಿ ಯಾವಾಗ ನಿಂತಿತೋ ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಮನೆ ಮುಟ್ಟಿದೊಡನೆ ಮಾತಾಡು ಎಂದು ಕೇಳಬೇಕು. ಇಷ್ಟೇ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಪಾಠದಂತೆ ಹೇಳಿಕೊಂಡ.

ಶಿವಲೀಲಾ ಬಾಗಿಲು ತೆರೆದು, ಏನಂದರು ಎಂದು ಹುಬ್ಬೇರಿಸಿದಳು. ಕಿವಿ ನೆಟ್ಟಗಿದೆ ಎಂದರೆ ಇಷ್ಟು ದಿನ ಏನು ಕೇಳಿದಿರಿ ಎಂದಾಳು. ಮಾತಾಡು ಎಂದ ಮೇಲೆ ಅವಳಿಗೆ ತನ್ನೊಂದಿಗೆ ಆಡಲು ಮಾತೇ ಉಳಿದಿರದಿದ್ದರೆ? ಅದಕ್ಕೆ ಅವನು ಹೆಚ್ಚು ಹೆದರಿದ.

“ಪೂರ್ತಿ ಹೋಗ್ಯಾವಂತ,” ಎಂದ, ಕಿವುಡರ ಹಾಗೆ ತುಸು ಜೋರಾಗಿ. “ಇನ್ನ ಏನೂ ಕೇಳಂಗಿಲ್ಲಂತ.”

ಅವಳು ಅವನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು. ಅದನ್ನು ಅವನು ನಿರೀಕ್ಷಿಸಿರಲಿಲ್ಲ.

ಊಟಕ್ಕೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಅವಳು ಬೆನ್ನ ಹಿಂದೆ ಒಲೆಯ ಬಳಿ ಇದ್ದಳು. ಆಗ ದನಿ ಬಂತು. ಬಳಸದೆ ಒರಟಾಗಿತ್ತು, ಆದರೆ ಅವಳದೇ.

“ಅಣ್ಣ ನಾಳೆ ಬರ್ತಾನ್ರಿ. ನಾ ಸಿದ್ದಾಪುರಕ್ಕ ಹೋಗಿಬಿಡ್ತೀನಿ.”

ಅವನು ಕೇಳಿಸದವನಂತೆ ಇನ್ನೊಂದು ತುತ್ತು ಕಲಸಿದ.

“ಕಿವಿ ಛಲೋ ಅದಾವ ಅಂತ ಬಂದಿದ್ರ, ಎದುರಿಗಿ ನಿಂತು ಒಂದ ಮಾತು ಕೇಳೋದಿತ್ತು. ನಾ ಇರಲೋ, ಹೋಗಲೋ ಅಂತ. ಈಗ ಯಾರನ್ನ ಕೇಳಲಿ.”

ಇರು ಎನ್ನಬೇಕಿತ್ತು. ಅದಕ್ಕೆ ಮೊದಲು ಕತ್ತು ತಿರುಗಬೇಕಿತ್ತು. ತಿರುಗಿದರೆ ಕಿವಿ ಕೇಳುತ್ತದೆ ಎಂದು ಗೊತ್ತಾಗುತ್ತಿತ್ತು. ಅವಳು ಮಾತಾಡಿದಷ್ಟು ಹೊತ್ತು ತಲೆಯೊಳಗಿನ ಸದ್ದಿನ ನೆನಪೇ ಇರಲಿಲ್ಲ. ಅವಳು ಸುಮ್ಮನಾದ ಮೇಲೆ ಅದು ಮತ್ತೆ ಶುರುವಾಯಿತು.

ಶಿವಲೀಲಾ ಅನ್ನದ ಪಾತ್ರೆ ಹಿಡಿದು ಮುಂದೆ ಬಂದಳು. ತುಟಿ ಮುಚ್ಚಿತ್ತು. ಇನ್ನಷ್ಟು ಹಾಕಲೇ ಎಂದು ಕೈಯಲ್ಲೇ ಕೇಳಿದಳು. ಪಂಪಾಪತಿ ಹೂಂ ಎಂದು ತಲೆಯಾಡಿಸಿದ. ಅವಳು ಬಡಿಸಿದಳು. ಸಾಕೆಂದು ಕೈ ಅಡ್ಡ ಹಿಡಿದರೆ ಅವಳು ಎದುರಿನಿಂದ ಹೋಗಿಬಿಡುತ್ತಾಳೆ. ಅವನು ಹಿಡಿಯಲಿಲ್ಲ. ಅವಳು ಮತ್ತೆ ಬಡಿಸಿದಳು, ಮತ್ತೆ. ಅನ್ನ ರಾಶಿಯಾಗಿ ತಟ್ಟೆಯ ಅಂಚು ಮುಚ್ಚಿತು, ಅಗುಳು ನೆಲಕ್ಕೆ ಉದುರತೊಡಗಿದವು. ಅವಳು ಅವನ ಕೈಯನ್ನೇ ನೋಡುತ್ತ ಪಾತ್ರೆಯ ತಳ ಕೆರೆಯುತ್ತಿದ್ದಳು.