ಸೋಸದ ಬೊಗಸೆ ನೀರು

ಯುಗಾದಿ ಮುಗಿದು ಎಂಟನೆಯ ದಿನ, ಹೊತ್ತು ಮಾರುದ್ದ ಏರಿತ್ತು. ರಜಾಕಾರರ ಗಲಾಟೆಗೆ ಇನ್ನೂ ಎಂಟೊಂಬತ್ತು ವರ್ಷ ಇತ್ತು. ಬೇವೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಗ ನಮಗಿದ್ದ ಭಯವೆಲ್ಲ ನಾರುಹುಣ್ಣಿನದು. ನನ್ನ ಗಂಡನ ಪಾದದಿಂದ, ಅತ್ತೆಯ ಮೊಣಕಾಲಿನಿಂದ ದಾರದಂಥ ಹುಳ ಹೊರಬಿದ್ದಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟೇ ಎಳೆಯಬೇಕು. ಹರಿದರೆ ಕಾಲು ಕೊಳೆಯುತ್ತದೆ. ನಾನು ರೊಟ್ಟಿ ಬಡಿಯುತ್ತಿದ್ದೆ. ನಡುಮನೆಯಲ್ಲಿ ಮಾವ ಅಂದಪ್ಪನವರು ಮಗಳಿಗೆ ಹೇಳಿದರು:

“ಹುಲಗಮ್ಮ, ನಾಳಿಂದ ನೀ ಬಾವಿಗೆ ಇಳೀಬ್ಯಾಡ.”

ಹುಲಗಮ್ಮ ನನ್ನ ನಾದಿನಿ. ಗಂಡ ಸತ್ತ ಮೇಲೆ ಅತ್ತೆಮನೆಯವರು ಅವಳನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದರು, ಮುಂಗೈಗೆ ಬರೆ ಹಾಕಿದ್ದರು. ತಪ್ಪಿಸಿಕೊಂಡು ತವರಿಗೆ ಬಂದಿದ್ದಳು. ಗಂಡ ಸತ್ತವಳ ಕಾಲು ಮೆಟ್ಟಿಲ ಬಾವಿಯ ನೀರಿಗೆ ತಾಗಿದರೆ ಗಂಗವ್ವ ಮುನಿದು ನಾರು ಬಿಡುತ್ತಾಳೆ ಎಂಬುದು ನಮ್ಮ ಹಿರಿಯರ ಮಾತು. ಓಣಿಯ ಹೆಂಗಸರು ಅವಳನ್ನು ಕಂಡರೆ ಕೊಡ ಸರಿಸುತ್ತಿದ್ದರು. ನಾನು ಕಂಡೂ ಸುಮ್ಮನಿದ್ದೆ.

ಅದೇ ವಾರ ಕುಕನೂರಿನಿಂದ ಸಿಡುಬಿನ ಚುಚ್ಚುಮದ್ದು ಹಾಕಲು ಹೈದರಸಾಬ ಬಂದ. ಅರಿವೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ ಕುಡಿಯಿರಿ, ನಾರಿನ ಹುಳ ನೀರಿನಲ್ಲೇ ಇರುತ್ತದೆ ಎಂದ. ನೋವಿಗೆ ಬೇಸತ್ತ ಅತ್ತೆ ಒಪ್ಪಿದರು. ನಾನು ಕೊಡದ ಬಾಯಿಗೆ ಹಳೆಯ ಸೀರೆ ಕಟ್ಟಿದೆ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ನಾರು ಬರಲಿಲ್ಲ. ಹೈದರಸಾಬ ಮತ್ತೆ ಬಂದಾಗ ಮಾವ ಮೀಸೆ ತಿರುವಿದರು.

“ನೋಡ್ರಿ ಸಾಬ್ರ, ಹುಡುಗಿ ಕಾಲು ಬಾವಿಗೆ ತಪ್ಪಿತು, ನಾರೂ ತಪ್ಪಿತು.”

“ಅರಿವೀನೂ ಕಟ್ಟೀರಲ್ರಿ ಯಜಮಾನ್ರ! ಹೊಲಕ್ಕ ಗೊಬ್ಬರಾನೂ ಹಾಕಿ, ಬೀಜಾನೂ ಬದಲು ಮಾಡಿದ್ರಿ ಅನ್ರಿ. ಬೆಳಿ ಯಾವುದರಿಂದ ಬಂತು ಅಂತ ಹೆಂಗ ಹೇಳ್ತೀರಿ?”

“ಹಂಗಾರ ಏನು ಮಾಡ್ಬೇಕು?”

“ಒಂದನ್ನಷ್ಟ ಬದಲು ಮಾಡ್ರಿ, ಉಳದದ್ದೆಲ್ಲ ಇದ್ದಂಗ ಇರಲಿ. ಅದ ಬಾವಿ, ಅದ ಅರಿವಿ, ಅದ ರೊಟ್ಟಿ ಇರಲಿ. ಹುಲಗಮ್ಮ ಮಾತ್ರ ಮತ್ತ ನೀರಿಗೆ ಇಳೀಲಿ. ಬರೋ ಬ್ಯಾಸಗಿಗೆ ನೋಡೋಣು.”

“ನಾರು ಬಂದ್ರ?”

ಬಾಗಿಲ ಹಿಂದಿನಿಂದ ಹುಲಗಮ್ಮ ಅಂದಳು: “ಬಂದ್ರ ನಾನ ಆ ಕೊಟ್ಟಿಗಿಗೆ ಹೋಗ್ತೀನಿ ಯಪ್ಪಾ.”

ಮಾವ ಒಪ್ಪಿದರು, ಹುಲಗಮ್ಮ ಮತ್ತೆ ಬಾವಿಗೆ ಇಳಿದಳು. ಆ ವರ್ಷವಿಡೀ ನನಗೆ ಎಲ್ಲರ ಕಾಲು ನೋಡುವುದೇ ಕೆಲಸವಾಯಿತು. ಯಾರಾದರೂ ಪಾದ ತುರಿಸಿಕೊಂಡರೆ ದೀಪ ತಂದು ನೋಡುತ್ತಿದ್ದೆ. ಮಾವ ಮಾತ್ರ ದಿನಾ ಬೆಳಿಗ್ಗೆ ಬಾವಿಗೆ ಹೋಗಿ, “ತಪ್ಪಾತವ್ವ, ಮಗಳನ್ನ ಕ್ಷಮಿಸು” ಎಂದು ಬೊಗಸೆ ನೀರು ಕಣ್ಣಿಗೊತ್ತಿ ಕುಡಿದು ಬರುತ್ತಿದ್ದರು. ಮೊದಲು ಅವರಿಗೆ ಈ ರೂಢಿ ಇರಲಿಲ್ಲ. ಭಕ್ತಿ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಬೇಸಿಗೆ ಬಂತು. ಮಾವನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆಯಿತು. ಬಿಳಿಯ ಎಳೆ ಇಣುಕಿತು.

ಮಾವ ಅಂದೇ ಹುಲಗಮ್ಮನ ಗಂಡನ ಮನೆಗೆ ಹೇಳಿಕಳಿಸಿದರು. ಅಮಾವಾಸ್ಯೆಯ ಮಾರನೆಯ ದಿನ ಹುಲಗಮ್ಮನ ಮೈದುನ ಪಕೀರಪ್ಪ ಬಂಡಿ ಹೂಡಿಕೊಂಡು ಬಂದ. ಬಂಡಿಯಿಂದ ಇಳಿಯಲೂ ಇಲ್ಲ.

“ಬಾರವ್ವ ಮಹಾತಾಯಿ, ನಿನ್ನ ಪಾದ ಎಂಥಾದ್ದು ನೋಡೂಣಂತ ನಮ್ಮ ದನ ದಾರಿ ಕಾಯಾಕತ್ತಾವ!”

ಓಣಿಯೆಲ್ಲ ನಕ್ಕಿತು. ಹುಲಗಮ್ಮ ಗಂಟು ಎತ್ತಿಕೊಂಡಳು. ಹೊಸ್ತಿಲಲ್ಲಿ ನಿಂತಳು. ಗಂಟನ್ನು ಕೆಳಗಿಟ್ಟಳು.

“ಯಪ್ಪಾ, ನಾವು ಐದು ಮಂದಿ. ನಾ ತಂದ ನೀರು ಐದೂ ಮಂದಿ ಕುಡದೀವಿ. ನಾಕು ಮಂದಿಗೆ ಬರಲಾರದ್ದು ನಿನಗೊಬ್ಬಗ ಯಾಕ ಬಂತು? ನಾವು ಮಾಡಲಾರದ್ದು ನೀ ಏನು ಮಾಡೀದಿ?”

ಮಾವ ತಲೆ ತಗ್ಗಿಸಿದರು. ನನ್ನ ಕೈಯಲ್ಲಿ ರೊಟ್ಟಿಯ ಹಿಟ್ಟು ಒಣಗುತ್ತಿತ್ತು. ಮದುವೆಯಾಗಿ ಏಳು ವರ್ಷ, ಅವರ ಎದುರು ನಾನು ಬಾಯಿ ತೆರೆದಿರಲಿಲ್ಲ.

“ಬೊಗಸಿ ನೀರು, ಮಾವ,” ಅಂದೆ. “ದಿನಾ ಬಾವ್ಯಾಗ ಕುಡೀತಿದ್ರಲ್ಲ. ಅದನ್ನ ಅರಿವ್ಯಾಗ ಸೋಸಿದ್ದಿಲ್ರಿ.”

ಮಾವ ಕಡ್ಡಿಗೆ ಸುತ್ತಿದ ಎಳೆಯನ್ನೇ ನೋಡಿದರು.

“ಗಂಗವ್ವನ ಸಿಟ್ಟು ಇಳೀಲಿ ಅಂತ ಕುಡದೆ,” ಅಂದರು. “ನನ್ನ ಅಂಜಿಕೀನ ನನಗ ನಾರು ಉಣಿಸ್ತು.” ಆಮೇಲೆ ಕತ್ತೆತ್ತಿದರು. “ಪಕೀರಪ್ಪ, ಬಂಡಿ ತಿರುವು. ನನ್ನ ಮಗಳು ಬರೂದಿಲ್ಲ.”

ಹುಲಗಮ್ಮ ಅಳಲಿಲ್ಲ. ಅರಿವೆ ಝಾಡಿಸಿ ಎರಡು ಮಡಿಕೆ ಮಾಡಿದಳು, ಕೊಡ ಎತ್ತಿಕೊಂಡು ಆಗ ನಕ್ಕವರ ನಡುವೆಯೇ ಬಾವಿಯ ಕಡೆ ನಡೆದಳು.

ಪಕೀರಪ್ಪ ಹೊರಟುಹೋದ. ಬಂಡಿಯಲ್ಲಿ ಅವನೊಬ್ಬನೇ ಇದ್ದ.