ಹತ್ತರಿಂದ ಆರರವರೆಗೆ

ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಅಂಚು, ಹೊಸ ಸೀರೆ, ಮಡಿಕೆಯ ಗೆರೆ ಇನ್ನೂ ಬಿಟ್ಟಿಲ್ಲ, ಅದರ ಕೆಳಗೆ ಎರಡು ಬರಿಗಾಲು, ಒಂದರ ಹೆಬ್ಬೆರಳು ನಡುಗುತ್ತಿದೆ — ಹೆದರಬೇಡಿ ಅಜ್ಜಿ, ಲಿಫ್ಟು ಬೀಳೋದಿಲ್ಲ, ನಾಲ್ಕು ಹಗ್ಗ ಇದೆ, ಒಂದೇ ಸಾಕು ಇದನ್ನ ಹಿಡಿಯೋಕೆ — ಹದಿನೇಳು ವರ್ಷದಿಂದ ಇದನ್ನೇ ಹೇಳಿ ಹೇಳಿ ನಾಲಿಗೆ ಸವೆದಿದೆ, ಆದರೂ ಹೇಳುವಾಗಲೆಲ್ಲ ನಾನೂ ಒಮ್ಮೆ ಮೇಲೆ ನೋಡುತ್ತೇನೆ. ಗಂಟೆ ಒಂಬತ್ತು ಇಪ್ಪತ್ತು. ಹತ್ತಕ್ಕೆ ಮಗಳನ್ನು ಅವಳ ಅಮ್ಮನ ಮನೆಯಿಂದ ಕರೆತರಬೇಕು. ಇಲ್ಲಿಂದ ಅಲ್ಲಿಗೆ ಬೈಕಿನಲ್ಲಿ ಅರ್ಧ ಗಂಟೆ, ಹಬ್ಬದ ದಿನ ರಸ್ತೆ ಖಾಲಿ, ಇಪ್ಪತ್ತೈದು ನಿಮಿಷ ಅಂತಿಟ್ಟುಕೊಳ್ಳೋಣ. ಈ ಅಜ್ಜಿ ಹಬ್ಬಕ್ಕೆಂದು ಏಳನೇ ಮಹಡಿಯ ಮಗಳ ಮನೆಗೆ ಹೊರಟವರು, ನಾಲ್ಕು ಮತ್ತು ಐದರ ನಡುವೆ ನಿಂತುಬಿಟ್ಟಿದ್ದಾರೆ, ನಾನು ನಾಲ್ಕನೇ ಮಹಡಿಯ ಬಾಗಿಲನ್ನು ಕೀಲಿ ಹಾಕಿ ತೆರೆದಿದ್ದೇನೆ, ಲಿಫ್ಟಿನ ನೆಲ ನನ್ನ ಎದೆಮಟ್ಟಕ್ಕಿದೆ, ಅದರ ಒಳಬಾಗಿಲು ನಾಲ್ಕು ಬೆರಳಿನಷ್ಟು ಸರಿದು ಅಲ್ಲೇ ಕಚ್ಚಿಕೊಂಡಿದೆ, ಕೆಳಗೆ ಬಾವಿಯಂಥ ಕತ್ತಲೆ. ಎಳೆದು ಇಳಿಸಲು ಹೋಗಿ ಕಾಲು ಜಾರಿದರೆ ಮುಗಿಯಿತು. ಮೇಲೆ ಮೋಟಾರು ಕೋಣೆಯಲ್ಲಿ ಒಬ್ಬ ಬ್ರೇಕು ಬಿಡಿಸಿ ಹಿಡಿಯಬೇಕು, ಇನ್ನೊಬ್ಬ ಚಕ್ರ ತಿರುಗಿಸಬೇಕು, ಎರಡಾಳಿನ ಕೆಲಸ, ಇಲ್ಲಿಯ ವಾಚ್‌ಮನ್‌ಗೆ ಬಲಗೈ ಸ್ವಾಧೀನವಿಲ್ಲ, ನನ್ನ ಜೊತೆಗಾರ ಬೋಲ್ಟು — ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು — ಊರಿನ ಇನ್ನೊಂದು ತುದಿಯಲ್ಲಿದ್ದಾನೆ. ಫೋನಿನಲ್ಲಿ ಅಂದ, ಬರ್ತೀನೋ, ಬಾಯಿ ಮುಕ್ಕಳಿಸೋಕಾದ್ರೂ ಬಿಡು. ಮುಕ್ಕಳಿಸು, ಬೇಗ ಮುಕ್ಕಳಿಸು, ಇವತ್ತು ನಾನು ರಜೆ ಬರೆಸಿದ್ದೆ ಕಣೋ, ಯುಗಾದಿ ನನ್ನದು. ಸೂಪರ್‌ವೈಸರ್ ಎಂಟೂಕಾಲಿಗೆ ಫೋನು ಮಾಡಿ, ನಿನ್ನ ಮನೆ ಹತ್ರಾನೇ ಇದೆ, ಹತ್ತು ನಿಮಿಷದ ಕೆಲಸ ಅಂದ. ಹತ್ತು ನಿಮಿಷದ ಕೆಲಸ ಅಂತ ಯಾರಾದರೂ ಅಂದರೆ ಅಲ್ಲೇ ಫೋನು ಇಡಬೇಕು, ಗೊತ್ತಿದ್ದೂ ಟೂಲ್ ಬ್ಯಾಗು ಹೆಗಲಿಗೇರಿತ್ತು, ನಾನು ಎತ್ತಿಕೊಂಡೆನೋ ಅದೇ ಏರಿತೋ.

ಯುಗಾದಿ ನನ್ನದು. ರಾಮನವಮಿ ನನ್ನದು, ಪಂಚಮಿ, ಚೌತಿ, ಆಯುಧಪೂಜೆ, ದೀಪಾವಳಿಯಲ್ಲಿ ಪಾಡ್ಯ ಮಾತ್ರ, ಷಷ್ಠಿ, ಶಿವರಾತ್ರಿ, ಹೋಳಿ, ಒಟ್ಟು ಒಂಬತ್ತು, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಸಂಕ್ರಾಂತಿ, ಕೃಷ್ಣಾಷ್ಟಮಿ, ವಿಜಯದಶಮಿ, ಉಳಿದದ್ದೆಲ್ಲ ಮಗಳ ಅಮ್ಮನಿಗೆ. ವಿಚ್ಛೇದನದ ಆ ದಿನ ನ್ಯಾಯಾಧೀಶರ ಮುಂದೆ ಇಬ್ಬರು ವಕೀಲರು ಗೋಡೆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿಕೊಂಡು ಆಸ್ತಿ ಪಾಲು ಮಾಡುವವರ ಹಾಗೆ ಕೆಂಪು ಅಂಕಿಗಳ ಮೇಲೆ ಬೆರಳಿಟ್ಟು ಜಗಳವಾಡುತ್ತಿದ್ದರು, ನನ್ನ ವಕೀಲ ಭಾರೀ ಜಾಣ, ವರ್ಷಕ್ಕೆ ಇಪ್ಪತ್ನಾಲ್ಕು ಏಕಾದಶಿ ಇದೆ ಸ್ವಾಮಿ, ಅವನ್ನೂ ಸೇರಿಸಬೇಕು ಅಂದ, ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು, ಮಗು ಅಪ್ಪನ ಮನೆಗೆ ಉಪವಾಸ ಮಾಡೋಕೆ ಹೋಗ್ಬೇಕಾ? ಎಲ್ಲರೂ ನಕ್ಕರು, ನಾನೂ ನಕ್ಕೆ, ಅವಳ ಅಮ್ಮ ನಗಲಿಲ್ಲ. ಭಾನುವಾರ ಯಾಕೆ ಬೇಡ ಅಂತ ಕೇಳಿದ್ದರು, ನನ್ನ ಭಾನುವಾರಗಳು ಕಂಪನಿಯವು, ಅದಕ್ಕಿಂತ ಹೆಚ್ಚಾಗಿ — ಹಬ್ಬಗಳೇ ಬೇಕಿದ್ದವು ನನಗೆ, ಹಟ, ಎಂಟು ತಿಂಗಳು ಅದಕ್ಕಾಗಿ ಅಲೆದೆ. ಯಾಕೆಂದರೆ ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದು ಹಬ್ಬಕ್ಕೂ ನಾನು ಮನೆಯಲ್ಲಿರಲಿಲ್ಲ, ಹಬ್ಬಕ್ಕೆ ನೆಂಟರು ಬರುತ್ತಾರೆ, ನಾಲ್ಕು ಜನರ ಲಿಫ್ಟಿಗೆ ಏಳು ಜನ ಹತ್ತುತ್ತಾರೆ, ಲಿಫ್ಟು ಮುನಿಸಿಕೊಳ್ಳುತ್ತದೆ, ನನಗೆ ಕರೆ ಬರುತ್ತದೆ. ಬಾಗಿಲಲ್ಲಿ ನಿಂತು ಅವಳ ಅಮ್ಮ ಹೇಳುತ್ತಿದ್ದಳು, ಊರಲ್ಲಿ ಸಿಕ್ಕಿಹಾಕ್ಕೊಂಡೋರ್ನೆಲ್ಲ ಬಿಡಿಸಿ ಬರ್ತೀರಿ, ನಾವಿಲ್ಲಿ ಇದ್ದೀವಿ ಅಂತ ಒಂದ್ಸಲ ಜ್ಞಾಪಿಸ್ಕೊಳ್ಳಿ. ಕೋಪದಿಂದ ಅಲ್ಲ, ಮೊದಮೊದಲು ಕೋಪದಿಂದ, ಆಮೇಲೆ ಹಾಲಿನವನಿಗೆ ಹೇಳುವ ಧ್ವನಿಯಲ್ಲಿ. ಕಳೆದುಕೊಂಡ ಆ ದಿನಗಳನ್ನೇ ಸರ್ಕಾರದ ಮೊಹರು ಹಾಕಿಸಿ ವಾಪಸು ತಂದೆ ಅಂತ ಹೆಮ್ಮೆ ಪಟ್ಟೆ. ಒಂಬತ್ತು ದಿನ, ಎಂಟೆಂಟು ಗಂಟೆ, ಎಪ್ಪತ್ತೆರಡು ಗಂಟೆ, ಬೋಲ್ಟೇ ಲೆಕ್ಕ ಹಾಕಿ ಹೇಳಿದ್ದು — ಅಂದ್ರೆ ನೀನು ವರ್ಷಕ್ಕೆ ಮೂರು ದಿನದ ಅಪ್ಪ ಕಣೋ. ನನಗೆ ಅರ್ಧ ಗಂಟೆಗಿಂತ ತಡವಾದರೆ ಆ ದಿನದ ಹಕ್ಕು ರದ್ದು, ಅವರು ತಡ ಮಾಡಿದರೆ ಅವರ ಮುಂದಿನ ಹಬ್ಬ ನನಗೆ ಎಂಬ ಸಾಲೂ ನಾನೇ ಬರೆಸಿದ್ದು, ಅವರು ಬೇಕಂತಲೇ ತಡ ಮಾಡಿಯಾರು ಅಂತ.

ಒಂಬತ್ತು ಮುಕ್ಕಾಲು. ಅಜ್ಜಿ ಈಗ ಲಿಫ್ಟಿನ ನೆಲದ ಮೇಲೆ ಕೂತಿದ್ದಾರೆ, ಹಾಗಾಗಿ ಅವರ ಮುಖ ನನ್ನ ಮುಖದ ಎದುರಿಗೇ ಬಂದಿದೆ, ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೂಗು. ಸೂಪರ್‌ವೈಸರ್ ಮತ್ತೆ ಫೋನು, ಬೋಲ್ಟು ಹೊರಟಾಯ್ತು, ವಾಚ್‌ಮನ್ ಇದ್ದಾನಲ್ಲ, ನೀನು ಹೋಗು, ನಿನ್ನ ರಜೆ ನಾನ್ಯಾಕೆ ಹಾಳು ಮಾಡ್ಲಿ. ಹೋಗಬಹುದು. ಈಗ ಹೊರಟರೆ ಹತ್ತೂ ಹತ್ತಕ್ಕೆ ಅಲ್ಲಿರುತ್ತೇನೆ. ಬ್ಯಾಗು ಎತ್ತಿ ಎರಡು ಹೆಜ್ಜೆ ಇಟ್ಟೆ, ಹಿಂದಿನಿಂದ ಸಣ್ಣ ಧ್ವನಿ, ಹೋದ್ಯೇನಪ್ಪಾ? ಬೇರೇನೂ ಇಲ್ಲ, ಅಷ್ಟೇ. ಬ್ಯಾಗು ಇಳಿಸಿದೆ. ಇಲ್ಲ ಅಜ್ಜಿ, ಇಲ್ಲೇ ಇದ್ದೀನಿ. ಇದು ಕರುಣೆಯೋ ಚಟವೋ, ಯಾರಾದರೂ ನೀನಿಲ್ಲದಿದ್ದರೆ ಆಗುವುದಿಲ್ಲ ಅಂದರೆ ಸಾಕು ನನಗೆ ಕುಡಿದ ಹಾಗಾಗುತ್ತದೆ, ಮನೆಯಲ್ಲಿ ಯಾರೂ ಹಾಗೆ ಅನ್ನಲಿಲ್ಲವೋ, ಅನ್ನುವ ಹೊತ್ತಿಗೆ ನಾನಿರಲಿಲ್ಲವೋ. ಅವಳ ಅಮ್ಮನಿಗೆ ಮೆಸೇಜು ಕಳಿಸಿದೆ, ಸ್ವಲ್ಪ ತಡ, ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ಓದಿದ್ದಾಳೆ. ಮಕ್ಕಳೆಷ್ಟಪ್ಪಾ ನಿನಗೆ? ಒಬ್ಬಳೇ ಅಜ್ಜಿ, ಹನ್ನೊಂದು ವರ್ಷ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ, ಅಜ್ಜಿಯ ಉಸಿರು ಹತೋಟಿಗೆ ಬರಲಿ ಎಂದು ಹೇಳತೊಡಗಿದೆ, ಆಮೇಲೆ ಹೇಳುವುದಕ್ಕೇ ಹೇಳಿದೆ — ನಾಲ್ಕು ವರ್ಷದವಳಿದ್ದಾಗ ಅಂಕಿಗಳನ್ನು ಹತ್ತರಿಂದ ಕೆಳಗೇ ಎಣಿಸುತ್ತಿದ್ದದ್ದು, ಲಿಫ್ಟು ಇಳಿಯುವುದನ್ನು ನೋಡಿ ಕಲಿತದ್ದು, ನೆಲಕ್ಕೆ ಬಂದು ಸೊನ್ನೆ ಎನ್ನುವ ಬದಲು ‘ಬಾಗಿಲು’ ಎನ್ನುತ್ತಿದ್ದದ್ದು, ಅಜ್ಜಿ ಒಳಗಿನಿಂದ ಕಿಲಕಿಲ ನಕ್ಕರು, ಕಳ್ಳಿ ಅವಳು, ಮುಂದೆ ಹೇಳು. ಕಳೆದ ಆಯುಧಪೂಜೆಗೆ ನನ್ನ ಕೋಣೆಗೆ ಬಂದವಳು ಟೂಲ್ ಬ್ಯಾಗಿನ ಪಾನಾಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದಕ್ಕೂ ಕುಂಕುಮ ಇಟ್ಟಳು, ದೊಡ್ಡ ಪಾನಾಕ್ಕೆ ದೊಡ್ಡ ಬೊಟ್ಟು, ಸಣ್ಣದಕ್ಕೆ ಸಣ್ಣದು, ಅಪ್ಪಾ ಲಿಫ್ಟು ಮೇಲೆ ಹೋದ್ರೆ ಕೆಳಗೆ ಏನು ಬರುತ್ತೆ ಅಂತ ಕೇಳಿದಳು, ಹನ್ನೊಂದು ವರ್ಷದವಳು ಕೇಳುವ ಪ್ರಶ್ನೆಯೇ ಅಜ್ಜಿ ಅದು, ಎದುರು ತೂಕ ಬರುತ್ತೆ, ಲಿಫ್ಟಿನ ಭಾರ ಸರಿದೂಗಿಸೋ ಕಬ್ಬಿಣ, ಏನೋ ಬರಲೇಬೇಕು ಅಂತ ಅವಳು ತಾನೇ ಊಹಿಸಿದ್ದಳು. ನೀನೇನು ಹೇಳ್ದೆ? ಏನು ಹೇಳಿದೆ ನಾನು. ಲಂಗಕ್ಕೆ ಗ್ರೀಸ್ ಹತ್ತುತ್ತೆ, ದೂರ ಕೂತ್ಕೋ ಅಂದೆ. ಅಜ್ಜಿಗೆ ಅದನ್ನು ಹೇಳಲಿಲ್ಲ. ಎಲ್ಲಾ ಬಿಡಿಸಿ ಹೇಳ್ದೆ ಅಜ್ಜಿ ಅಂದೆ. ಹತ್ತೂವರೆ ಆಗುವುದನ್ನು ಮೊಬೈಲಿನಲ್ಲಿ ನೋಡಿದೆ, ಇಪ್ಪತ್ತೊಂಬತ್ತು ಹೋಗಿ ಮೂವತ್ತು, ಅಷ್ಟೇ, ಯಾರೂ ಸುತ್ತಿಗೆ ಬಡಿಯಲಿಲ್ಲ. ಬೋಲ್ಟು ಬಂದಾಗ ಹನ್ನೊಂದಕ್ಕೆ ಹತ್ತು, ಗಡ್ಡ ಅರ್ಧ ಬೋಳಿಸಿದ್ದಾನೆ, ಮೇಲೆ ಹೋಗಿ ನಾನು ಬ್ರೇಕು ಹಿಡಿದೆ, ಅವನು ಚಕ್ರ ತಿರುಗಿಸಿದ, ಲಿಫ್ಟು ಗೊಣಗುತ್ತ ನಾಲ್ಕಕ್ಕೆ ಇಳಿಯಿತು, ನಾನು ಕೆಳಗೆ ಬಂದು ಕಚ್ಚಿದ ಬಾಗಿಲು ಸರಿಸಿದೆ, ಅಜ್ಜಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಎರಡೂ ಕೆನ್ನೆ ಸವರಿ, ನಿನ್ನ ಮಗಳು ಪುಣ್ಯವಂತೆ ಕಣಪ್ಪಾ ಅಂದರು.

ರಸ್ತೆ ಖಾಲಿ. ಪುಣ್ಯವಂತೆ. ಸಿಗ್ನಲ್ಲಿಗೆ ನಿಂತರೆ ಪಕ್ಕದಲ್ಲಿ ಸ್ಕೂಟರಿನ ಮೇಲೆ ಇಡೀ ಸಂಸಾರ, ಹೊಸ ಬಟ್ಟೆಯ ಗಂಜಿಯ ವಾಸನೆ, ಹನ್ನೊಂದೂವರೆ, ಇನ್ನೂ ಆರೂವರೆ ಗಂಟೆ ಇದೆ, ಮಗಳ ಅಮ್ಮನ ಕೈಕಾಲು ಹಿಡಿದಾದರೂ ಕೇಳೋಣ, ಏಳರವರೆಗೆ ಇಟ್ಟುಕೊಳ್ಳಿ ಎಂದರೂ ಎಂದಾಳು, ಕೆಟ್ಟವಳಲ್ಲ. ಮೂರನೇ ಮಹಡಿ, ಮೆಟ್ಟಿಲು ಹತ್ತಿಯೇ ಹೋದೆ, ಬೆಲ್ಲು ಒತ್ತುವ ಮೊದಲೇ ಬಾಗಿಲು ತೆರೆಯಿತು, ಅವಳ ಅಮ್ಮ, ಕೋಪವಿರಬೇಕಾದ ಜಾಗದಲ್ಲಿ ಏನೋ ಸುಸ್ತು — ಹನ್ನೊಂದರವರೆಗೂ ಕಾದಳು, ಇಲ್ಲೇ ಮೆಟ್ಟಿಲ ಮೇಲೆ ಕೂತಿದ್ಲು, ಒಳಗೆ ಬಾ ಅಂದ್ರೂ ಬರ್ಲಿಲ್ಲ. ನಾನು ರೂಲ್ಸು ಮಾತಾಡೋಲ್ಲ, ಅವಳನ್ನೇ ಕೇಳಿ. ಮಗಳು ಬಂದಳು. ರೇಷ್ಮೆ ಲಂಗ, ಜಡೆ, ಜಡೆಗೆ ಉದ್ದಕ್ಕೂ ಮಲ್ಲಿಗೆ, ಬೆಳಿಗ್ಗೆ ಆರಕ್ಕೇ ಎದ್ದು ಕೂತಿರಬೇಕು ಅಷ್ಟು ಹೆಣೆಯಲು. ಸಾರಿ ಮರಿ. ಯಾರಪ್ಪಾ ಒಳಗಿದ್ದಿದ್ದು? ಒಬ್ಬರು ಅಜ್ಜಿ. ಎಷ್ಟು ಹೊತ್ತು? ಎರಡು ಗಂಟೆ ಮೇಲಾಯ್ತು. ಅಳ್ತಿದ್ರಾ? ಮೊದಲು ಹೆದರಿದ್ರು, ನಾನು ಮಾತಾಡಿಸ್ತಾ ಇದ್ದೆ, ಆಮೇಲೆ ನಕ್ಕರು ಕೂಡ. ಏನು ಮಾತಾಡ್ದೆ? ನಿನ್ನ ವಿಷಯವೇ ಮರಿ, ನೀನು ಚಿಕ್ಕೋಳಿದ್ದಾಗ ಎಣಿಸ್ತಿದ್ದದ್ದು — ಹೇಳುತ್ತ ಹೇಳುತ್ತ ಅವಳ ಮುಖ ನೋಡಿದೆ. ಅವರ ಜೊತೆ ಅಷ್ಟು ಹೊತ್ತು ಮಾತಾಡಿದ್ಯಾ? ನನ್ನ ಹತ್ರ ಊಟ ಆಯ್ತಾ ಅಂತೀಯ, ಟಿವಿ ಹಾಕ್ಲಾ ಅಂತೀಯ, ಐದು ಗಂಟೆಗೆ ಚಪ್ಪಲಿ ಹಾಕ್ಕೋ ಅಂತೀಯ, ಅಷ್ಟೇ. ನಂಗೆ ಹಬ್ಬ ಬೇಡಪ್ಪಾ, ಅವತ್ತು ಎಲ್ಲ ಮಕ್ಕಳೂ ಅವರವರ ಮನೇಲಿರ್ತಾರೆ, ನಾನು ಲಂಗ ಹಾಕ್ಕೊಂಡು ನಿನ್ನ ಮಂಚದ ಮೇಲೆ ಕೂತು ಗಡಿಯಾರ ನೋಡ್ತೀನಿ. ಮತ್ತೆ? ಮತ್ತೆ ಸುಮ್ನೆ ಬಾ, ಯಾವ್ದಾದ್ರೂ ಮಂಗಳವಾರ, ಹೋಂವರ್ಕ್ ಇರೋ ದಿನ, ನಾನು ಬರೀತಿರ್ತೀನಿ, ನೀನು ಪಕ್ಕದಲ್ಲಿ ಇರು. ಅವಳ ಅಮ್ಮ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು, ಬೇಡ ಅನ್ನಲಿಲ್ಲ, ನೆಲ ನೋಡುತ್ತಿದ್ದಳು, ಬೇಡ ಅನ್ನಲಿಲ್ಲ, ಅದು ಈಗ ಹೊಳೆಯುತ್ತಿದೆ. ಆಗ ನನ್ನ ಬಾಯಿಂದ ಬಂದದ್ದು — ಯಾವ ಶನಿ ಹೇಳಿಸಿತೋ — ಆದೇಶದಲ್ಲಿ ಹಾಗಿಲ್ಲ ಮರಿ, ಮಂಗಳವಾರ ಅಂತ ಬರೆದಿಲ್ಲ.

ಮರಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು, ತುದಿಯಿಂದ ಹಿಡಿದು ಮಲ್ಲಿಗೆಯ ದಂಡೆಯನ್ನು ಬಿಡಿಸಿದಳು, ನಿಧಾನವಾಗಿ, ನಿಂತಲ್ಲೇ, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಹೋದಳು. ನಾನು ಇಳಿಯುತ್ತಿದ್ದೇನೆ, ಎರಡನೇ ಮಹಡಿ, ಫೋನು ತೊಡೆಗೆ ತಾಗಿ ಗುರ್ರೆನ್ನುತ್ತಿದೆ, ಸೂಪರ್‌ವೈಸರ್ ಇರಬೇಕು, ಇನ್ನೊಂದು ಹತ್ತು ನಿಮಿಷದ ಕೆಲಸ, ನಾನು ವಕೀಲನಿಗೆ ಹೇಳಿ ಬದಲಾಯಿಸಬಹುದು, ಅರ್ಜಿ ಹಾಕಬಹುದು, ಅರ್ಜಿ — ಮತ್ತೆ ಅದೇ, ಮಂಗಳವಾರ ಬಾ ಅಂದರೆ ಬರ್ತೀನಿ ಅನ್ನುವುದಕ್ಕೆ ಅರ್ಜಿ ಬೇಕೆ, ಮಂಗಳವಾರ ನಾನು ಏನು ಮಾಡುತ್ತೇನೆ, ಮಂಗಳವಾರ ಸಂಜೆ ನಾಲ್ಕೂವರೆಗೆ ನನಗೆ ಡ್ಯೂಟಿ ಮುಗಿಯುತ್ತದೆ, ಎಷ್ಟೋ ಮಂಗಳವಾರಗಳು ಹಾಗೇ ಮುಗಿದಿವೆ, ಮಂಚದ ಮೇಲೆ ಬಿದ್ದುಕೊಂಡು ಸೂರು ನೋಡಿದ್ದೇನೆ, ಮುಂದಿನ ಹಬ್ಬಕ್ಕೆ ಎಷ್ಟು ದಿನ ಅಂತ ಎಣಿಸಿದ್ದೇನೆ. ಹೋಗಿ ಬೆಲ್ಲು ಒತ್ತು. ಒತ್ತಿ ಏನು ಹೇಳಲಿ. ಬರ್ತೀನಿ ಅನ್ನು. ನಂಬುತ್ತಾಳೆಯೇ, ಹತ್ತಕ್ಕೆ ಅಂದು ಹನ್ನೊಂದೂವರೆಗೆ ಬಂದವನನ್ನು. ಮೇಲೆ ಎಲ್ಲೋ ಬಾಗಿಲು ಹಾಕಿದ ಸದ್ದು, ಅವರದೋ, ಬೇರೆಯವರದೋ, ಕಾಲು ಕೆಳಗೂ ಇಳಿಯುವುದಿಲ್ಲ ಮೇಲೂ ಹತ್ತುವುದಿಲ್ಲ, ಫೋನು ನಿಂತಿತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಮಲ್ಲಿಗೆ. ನನ್ನ ಮಾತು ಮುಗಿದ ಮೇಲೆ ಬಿಡಿಸಿದ್ದು, ಮುಗಿಯುವ ತನಕ ಕಾದಿದ್ದಳು. ದಂಡೆಯ ತುದಿಯಲ್ಲಿ ಹೇರ್‌ಪಿನ್ನು ಹಾಗೇ ಇತ್ತು, ಪಿನ್ನಿನಲ್ಲಿ ಅವಳ ಎರಡು ಕೂದಲು, ಎಳೆದದ್ದಕ್ಕೆ ನೋವಾಗಿರಬೇಕು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಮಲ್ಲಿಗೆ, ಪಿನ್ನು, ಎರಡು ಕೂದಲು. ಎರಡು ಕೂದಲು.