ಹದಿನಾಲ್ಕನೇ ಪ್ರಶ್ನೆ

ಹದಿನಾಲ್ಕನೇ ಪ್ರಶ್ನೆ ಕೇಳಿದ್ದಕ್ಕೆ ಆ ಬಡಗಿ ಸ್ಟೂಲು ಎತ್ತಿ ಗೋಡೆಗೆ ಬೀಸಿದ. ಅದು ಬಡಿದದ್ದು ನನ್ನ ಕಿವಿಯಿಂದ ಒಂದು ಗೇಣು ದೂರಕ್ಕೆ. ಗೋಡೆಯ ಸುಣ್ಣ ನನ್ನ ಹೆಗಲ ಮೇಲೆ ಉದುರಿತು.

ನಾನು ಮನೆ ವಿಮೆಯ ತಪಾಸಣೆಯವಳು. ಅರ್ಜಿಯಲ್ಲಿ ಬರೆದದ್ದಕ್ಕೂ ಮನೆಯಲ್ಲಿ ಇರುವುದಕ್ಕೂ ತಾಳೆ ಇದೆಯೋ ಎಂದು ಟೇಪು, ಟಾರ್ಚು ಹಿಡಿದು ನೋಡುವುದು ನನ್ನ ಕೆಲಸ. ಸೋರುವ ಮಾಳಿಗೆಗೆ ಹಿಂದಿನ ದಿನ ಬಣ್ಣ ಬಳಿದು 'ಹೊಚ್ಚ ಹೊಸದು' ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವತ್ತು ಬರಲಿಲ್ಲ.

ಪ್ರಶ್ನೆ ಇಷ್ಟೇ: ಕಳೆದ ಐದು ವರ್ಷಗಳಲ್ಲಿ ಮನೆಗೆ ಹಾನಿಯಾಗಿದೆಯೇ, ಯಾವ ಕಾರಣಕ್ಕೆ? ಅರ್ಜಿ ಹಾಕಿದ್ದ ಬಡಗಿ 'ಇಲ್ಲ' ಎಂದು ಬರೆದಿದ್ದ. ಒಳಗಿನ ಎರಡೂ ಬಾಗಿಲುಗಳಿಗೆ ಚಿಲಕದ ಹತ್ತಿರ ಹೊಸ ಮರದ ತೇಪೆ. ಕೈಗೆಲಸ ಅಚ್ಚುಕಟ್ಟು, ಒಪ್ಪಲೇಬೇಕು. ಬಚ್ಚಲ ಬಾಗಿಲಿಗೆ ಮಾತ್ರ ಮೂರು.

"ಗೆದ್ದಲು" ಅಂದ.

"ಗೆದ್ದಲು ಚಿಲಕ ನೋಡ್ಕೊಂಡು ತಿನ್ನುತ್ತೇನಪ್ಪಾ?" ಅಂದೆ. ಸ್ಟೂಲು ಹಾರಿದ್ದು ಆಗಲೇ.

ಎರಡು ವರ್ಷದ ಹಿಂದೆ ಇದೇ ಮನೆಗೆ ಬಂದಿದ್ದೆ. ಆಗ ಒಂದೇ ತೇಪೆ ಇತ್ತು. ಊಟದ ಹೊತ್ತಾಯಿತೆಂದು ಅವನ 'ಇಲ್ಲ'ದ ಕೆಳಗೆ ರುಜು ಹಾಕಿ ಹೋದವಳು ನಾನೇ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಹಾಗಿದ್ದರೆ ಇಬ್ಬರೂ ಬೇರೆ ಬೇರೆ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಹೇಳಿದ ಹಾಗೆ ನಾನು ಬರೆದುಕೊಳ್ಳಬೇಕು. ಕಳೆದ ಸಲ ಅದನ್ನೂ ಮಾಡಿರಲಿಲ್ಲ. ಈ ಸಲ ಹೆಂಡತಿಯ ಕಡೆ ತಿರುಗಿದೆ, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೀವು ಹೇಳಿ ಅಮ್ಮಾ."

"ಅವಳೇನ್ ಹೇಳ್ತಾಳೆ? ಏಯ್, ಇಲ್ಲ ಅನ್ನೇ!"

ಅವಳು ಅನ್ನಲಿಲ್ಲ. ಅವನು ಜಡೆ ಹಿಡಿದೆಳೆದು ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಹಲ್ಲು ಮುರಿದದ್ದು ನನಗೆ ಕೇಳಿಸಿತು. ಎರಡನೇ ಸಲ ಎತ್ತಿದಾಗ ಅರ್ಜಿಯ ಮೇಲೆಲ್ಲ ರಕ್ತ. ಮೂರನೆಯದಕ್ಕೆ ನಾನು ಬಿಡಲಿಲ್ಲ. ನನ್ನ ಟಾರ್ಚು ಉಕ್ಕಿನದು, ಅವನ ಮೊಣಕೈಗೆ ಬೀಸಿದೆ. ಮೂಳೆ ಲಟಕ್ಕೆಂದಿತು. ಮಂಡಿಯೂರಿ ಬಿದ್ದವನ ಭುಜಕ್ಕೆ ಇನ್ನೊಂದು ಕೊಟ್ಟೆ. ಹುಟ್ಟಿದಾಗಿನಿಂದ ಒಬ್ಬರ ಮೇಲೂ ಕೈ ಮಾಡಿದವಳಲ್ಲ. ಆದರೂ ಸುಳ್ಳೇಕೆ, ಹಿತವಾಯಿತು.

ಅವಳು ಮೇಜು ಹಿಡಿದು ಎದ್ದು ನಿಂತಳು.

"ಬರ್ಕೊಳ್ಳಿ ಅಕ್ಕಾ. ಬಚ್ಚಲ ಬಾಗಿಲು ಮೂರ್ ಸಲ. ಒಳಗೆ ನಾನಿದ್ದೆ. ಅಡುಗೆಮನೇದು ಒಂದ್ ಸಲ. ಆಗ್ಲೂ ಒಳಗೆ ನಾನೇ ಇದ್ದೆ."

"ಹಾಗ್ ಬರೆದ್ರೆ ವಿಮೆ ಕೊಡಲ್ಲ ಕಣೇ!" ನೆಲದಿಂದ ಅವನು ಕಿರುಚಿದ. "ಇವಳು ಈಗ ಎದ್ದು ಹೋಗ್ತಾಳೆ. ಆಮೇಲೆ ಮನೇಲಿ ಇರೋದು ನೀನು, ನಾನು. ನೆನಪಿಟ್ಕೋ."

"ಕಾರಣ?" ರಕ್ತವಾದ ಅರ್ಜಿಯನ್ನು ಹತ್ತಿರ ಎಳೆದುಕೊಂಡು ಕೇಳಿದೆ.

"ಗಂಡ" ಅಂದಳು.

ಬರೆದೆ. ಅವಳು ರುಜು ಹಾಕಿದಳು. ನಕಲು ಪ್ರತಿಯನ್ನು ಹರಿದು ಅವಳ ಕೈಗಿಟ್ಟೆ, ಇಬ್ಬರೂ ಪೊಲೀಸ್ ಠಾಣೆಯ ಕಡೆ ನಡೆದೆವು. ಬೀದಿಯ ಜನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಅವಳ ಗದ್ದದಿಂದ ರಕ್ತ ಕುಪ್ಪಸಕ್ಕೆ ಇಳಿಯುತ್ತಿತ್ತು. ನನ್ನ ಕರವಸ್ತ್ರ ಕೊಟ್ಟೆ.

"ಬೇಡ ಅಕ್ಕಾ" ಅಂದಳು. "ಹೋದ್ ಸಲ ಒರೆಸ್ಕೊಂಡು ಹೋಗಿದ್ದೆ. ಯಾರೂ ನಂಬಲಿಲ್ಲ."